ಬೀಳದವಳು

ಇವತ್ತು ಬಿದ್ದುಬಿಡಬೇಕು ಎಂದು ನಿಶ್ಚಯಿಸಿಕೊಂಡೇ ಅವಳು ಎದ್ದಳು. ನಿಶ್ಚಯವಾದದ್ದು ಹಾಸಿಗೆಯಲ್ಲೇ, ಕಣ್ಣು ಬಿಡುವ ಮೊದಲು, ಇವತ್ತು ಎಡ ಮಂಡಿ ಮೊದಲು ನೋಯುತ್ತದೋ ಬಲ ಮಂಡಿಯೋ ಎಂದು ಕಾಯುತ್ತ ಮಲಗಿದ್ದಾಗ. ಮೂವತ್ತನಾಲ್ಕು ವರ್ಷದ ಹೆಂಗಸು, ಇಪ್ಪತ್ತು ವರ್ಷ ಜೂಡೊ ಆಡಿದವಳು, ಎರಡು ಒಲಿಂಪಿಕ್ಸ್ ಕಂಡವಳು, ಈಗ ಬೀಳುವುದನ್ನು ದಿನದ ಕೆಲಸಗಳ ಸಾಲಿನಲ್ಲಿ, ಹಲ್ಲುಜ್ಜುವುದಕ್ಕೂ ಒಗೆಯುವ ಬಟ್ಟೆ ನೆನೆಸುವುದಕ್ಕೂ ನಡುವೆ ಸೇರಿಸಿಕೊಳ್ಳಬೇಕಾಗಿ ಬಂದದ್ದಕ್ಕೆ ಅವಳಿಗೇ ನಗು ಬರಬೇಕಿತ್ತು. ಬರಲಿಲ್ಲ. ಬೀಳುವುದಕ್ಕೆ ಯಾರಾದರೂ ತಯಾರಿ ಮಾಡಿಕೊಳ್ಳುತ್ತಾರೆಯೇ, ಕಾಲು ತಪ್ಪಿದರೆ ಸಾಕು, ಮಿಕ್ಕದ್ದನ್ನು ನೆಲ ನೋಡಿಕೊಳ್ಳುತ್ತದೆ ಎಂದು ಸಮಾಧಾನ ಹೇಳಿಕೊಂಡಳು. ಎಡ ಮಂಡಿಯೇ ಮೊದಲು ನೋಯಿತು.

ಮುಂದಿನ ಕೋಣೆಯಲ್ಲಿ ಆಗಲೇ ಬೀಳುವ ಆಟ ಶುರುವಾಗಿತ್ತು. ಅಣ್ಣನ ನಾಲ್ಕು ವರ್ಷದ ಮಗಳು ಎರಡು ವಾರದಿಂದ ಹಿಡಿದಿದ್ದ ಆಟ ಅದು. ಓಡಿ ಬಂದು ಎರಡೂ ಅಂಗೈಯಿಂದ ಹೊಟ್ಟೆಗೆ ದೂಡುವುದು, ದೂಡಿಸಿಕೊಂಡವರು ಸೋಫಾದ ಮೇಲೆ ಬೀಳುವುದು. ಅಣ್ಣ ಪೇಪರಿನ ಸಮೇತ ಬೀಳುತ್ತಿದ್ದ. ಅತ್ತಿಗೆ ಕೈಯಲ್ಲಿದ್ದ ಕಾಫಿ ತುಳುಕದ ಹಾಗೆ, ಒಂದು ಕೈ ಮೇಲೆತ್ತಿಕೊಂಡೇ ಬೀಳುತ್ತಿದ್ದಳು. ಸೊಂಟ ಹಿಡಿದುಕೊಂಡಿರುವ ಅಮ್ಮ ಎದ್ದೇ ಇರುತ್ತಿರಲಿಲ್ಲ, ಕೂತಲ್ಲೇ ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದರೆ ಅದನ್ನೂ ಬಿದ್ದ ಲೆಕ್ಕಕ್ಕೆ ಮಗು ಒಪ್ಪಿಕೊಳ್ಳುತ್ತಿತ್ತು. ಅವಳು ಕೋಣೆಯಿಂದ ಹೊರಬಂದದ್ದೇ ತಡ, ಮಗು ಓಡಿ ಬಂತು. ಬರುವುದು ಕಾಣುತ್ತಿತ್ತು, ಬೀಳಬೇಕೆಂಬುದು ಗೊತ್ತಿತ್ತು, ಹಾಗೆಂದು ನಿಶ್ಚಯಿಸಿಕೊಂಡು ಹತ್ತು ನಿಮಿಷವೂ ಆಗಿರಲಿಲ್ಲ. ಆದರೆ ಆ ಪುಟ್ಟ ಕೈಗಳು ತಾಕುವಷ್ಟರಲ್ಲಿ ಅವಳ ಹೊಟ್ಟೆ ಬಿಗಿದಿತ್ತು, ಬಲಗಾಲು ಒಂದು ಗೇಣು ಹಿಂದೆ ಸರಿದಿತ್ತು, ಸೊಂಟ ಕೆಳಗಿಳಿದಿತ್ತು. ಮಗು ಗೋಡೆಗೆ ತಾಕಿದಂತೆ ಹಿಮ್ಮೆಟ್ಟಿ ಕುಂಡೆ ಊರಿ ಕೂತುಬಿಟ್ಟಿತು. ಅಳಲಿಲ್ಲ. ಎದ್ದು ಹೋಗಿ ಅಜ್ಜಿಯ ಮಡಿಲು ಸೇರಿ, "ಅತ್ತೆ ಬೀಳಲ್ಲ" ಎಂದು, ಇವತ್ತು ಹಾಲು ಬಂದಿಲ್ಲ ಎನ್ನುವ ದನಿಯಲ್ಲಿ ವರದಿ ಕೊಟ್ಟಿತು.

ಮಗುವಿನ ಜೊತೆ ಒಂದು ಸಲ ಬಿದ್ದ ಹಾಗೆ ಮಾಡಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಅತ್ತಿಗೆ ಕೇಳಿದಳು. ಬೇಸರವೇನಿಲ್ಲ, ಅವಳ ಮಾತೇ ಹಾಗೆ. ಅಮ್ಮ ಮಾತ್ರ ಮೊಮ್ಮಗಳ ತಲೆ ಸವರುತ್ತ, ಒಲಿಂಪಿಕ್ಸಿನಲ್ಲೇ ಬೀಳದವಳು ನಿನಗೆ ಬೀಳುತ್ತಾಳೆಯೇ ಪುಟ್ಟಿ ಎಂದರು. ಹೇಳುವಾಗ ಅವರ ಮುಖದಲ್ಲಿ ಮೂಡಿದ ಹೆಮ್ಮೆಯನ್ನು ನೋಡಲಾಗದೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು.

ಒಲಿಂಪಿಕ್ಸಿನಲ್ಲೇ ಬೀಳದವಳು. ಬಸ್ಸಿನಲ್ಲಿ ನಿಂತು, ಮೇಲಿನ ಕಂಬಿ ಹಿಡಿದು, ಮುಂದಿನವರ ಹೆಗಲಿಗೆ ಬ್ಯಾಗು ತಾಕದಂತೆ ಎಳೆದುಕೊಳ್ಳುತ್ತ ಅವಳು ಆ ಮಾತನ್ನು ಬಾಯಿಯಲ್ಲಿ ಹೊರಳಿಸಿದಳು. ಶಾಲೆಗಳಲ್ಲಿ, ಕ್ಲಬ್ಬುಗಳಲ್ಲಿ, ಹೊಸ ಜಿಮ್ ತೆರೆಯುವ ಕಡೆ ಅವಳನ್ನು ಪರಿಚಯಿಸುವವರು ಮೊದಲು ಪದಕ ಕೂದಲೆಳೆಯಲ್ಲಿ ತಪ್ಪಿತು ಎನ್ನುತ್ತಾರೆ, ಸಭೆ ಅಯ್ಯೋ ಪಾಪ ಎನ್ನುವಷ್ಟು ಹೊತ್ತು ಬಿಡುತ್ತಾರೆ, ಆಮೇಲೆ, ಆದರೆ ಎರಡು ಒಲಿಂಪಿಕ್ಸಿನಲ್ಲಿ ಒಬ್ಬಳೇ ಒಬ್ಬಳಿಗೂ ಇವರನ್ನು ಬೀಳಿಸಲಾಗಲಿಲ್ಲ ಎನ್ನುತ್ತಾರೆ. ಆಗ ಚಪ್ಪಾಳೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇವಳದು ಅದಕ್ಕಿಂತ ಒಂದು ಕೈ ಮೇಲು, ಜಟ್ಟಿಯೂ ಬೀಳಲಿಲ್ಲ, ಮೀಸೆಗೂ ಏನೂ ಆಗಲಿಲ್ಲ, ಪಂದ್ಯವೊಂದು ಹೋಯಿತು ಅಷ್ಟೆ. ಕಂಚಿನ ಪದಕದ ಪಂದ್ಯ. ಎದುರಿನವಳು ಏಳು ಸಲ ನುಗ್ಗಿದ್ದಳು, ಏಳು ಸಲವೂ ಇವಳ ಸೊಂಟ ಕೆಳಗಿಳಿದು ತಡೆದಿತ್ತು, ತಡೆಯುವುದರಲ್ಲೇ ಮುಳುಗಿ ತಾನು ನುಗ್ಗುವುದೊಂದಿದೆ ಎಂಬುದು ಮರೆತೇಹೋಗಿತ್ತು. ದಾಳಿ ಮಾಡದೆ ಸುಮ್ಮನೆ ನಿಂತವರಿಗೆ ಪೆನಾಲ್ಟಿ. ಮೂರು ಪೆನಾಲ್ಟಿಯಾದರೆ ಪಂದ್ಯ ಮುಗಿಯಿತು. ರೆಫರಿ ಮೂರನೆಯ ಸಲ ಅವಳತ್ತ ಬೆರಳು ತೋರಿಸಿದಾಗ ಅವಳು ಕದಲದೆ ನಿಂತಿದ್ದಳು, ನೆಟ್ಟಗೆ, ಎರಡೂ ಪಾದ ಊರಿ. ನಿಂತೇ ಸೋತಳು. ಆ ರಾತ್ರಿಯಿಂದ ಇವತ್ತಿನ ತನಕ, ಪದಕ ಇರಬೇಕಾದ ಜಾಗದಲ್ಲಿ ಅವಳು ಇಟ್ಟುಕೊಂಡಿರುವುದು ಆ ನಿಂತದ್ದನ್ನೇ. ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು. ಅರ್ಧ ಮೈಲಿ ಹಿಂದಕ್ಕೆ ನಡೆದಳು.

ತರಬೇತಿ ಕೇಂದ್ರದ ಬಾಗಿಲ ಪಕ್ಕದಲ್ಲಿ ಅವಳದೇ ಫೋಟೋ, ಆಳೆತ್ತರದ್ದು. ಅವಳು ಯಾರನ್ನೋ ಸೊಂಟದ ಮೇಲೆ ಹೊತ್ತು ಎಸೆಯುತ್ತಿದ್ದಾಳೆ. ಎಸೆಯಲ್ಪಟ್ಟವಳ ಮುಖ ಕಾಣುವುದಿಲ್ಲ, ಗಾಳಿಯಲ್ಲಿ ಎರಡು ಅಂಗಾಲು ಮಾತ್ರ. ಆ ಅಂಗಾಲು ಚಾಪೆ ಎಂಬವಳವು. ಒಂಬತ್ತು ವರ್ಷ ಅಭ್ಯಾಸದಲ್ಲಿ ಅವಳ ಎದುರು ನಿಂತು, ದಿನಕ್ಕೆ ನೂರು ಸಲ ಬಿದ್ದು ಕೊಟ್ಟವಳು. ಯಾವಾಗ ನೋಡಿದರೂ ನೆಲದ ಮೇಲೇ ಇರುತ್ತಾಳೆ ಎಂದು ಹುಡುಗಿಯರೆಲ್ಲ ಅವಳಿಗೆ ಚಾಪೆ ಎಂದು ಹೆಸರಿಟ್ಟಿದ್ದರು, ಮೊದಲು ಇಟ್ಟವಳು ಬಹುಶಃ ಇವಳೇ. ಫೋಟೋ ತೆಗೆದ ದಿನ ಚಾಪೆ ತನ್ನ ಮುಖ ಬಂದಿದೆಯೇ ಎಂದು ಕೇಳಿದ್ದು, ಇಲ್ಲ, ಕಾಲು ಚೆನ್ನಾಗಿ ಬಂದಿದೆ ಎಂದು ತಾನು ಹೇಳಿದ್ದು, ಇಬ್ಬರೂ ನಕ್ಕಿದ್ದು ನೆನಪಾಯಿತು.

ಈಗ ಇವಳ ಕೆಲಸ ಚಾಪೆಯ ಕೆಲಸ. ನೇಮಕದ ಪತ್ರದಲ್ಲಿ ತರಬೇತುದಾರಳು ಎಂದಿದೆ, ಆದರೆ ಎದುರು ನಿಂತು ಬೀಳುವುದೇ ಅದರಲ್ಲಿ ಮುಕ್ಕಾಲು ಪಾಲು. ಅವಳಿಗೆ ಒಪ್ಪಿಸಿದ್ದ ಹುಡುಗಿಗೆ ಎಲ್ಲರೂ ಇಟ್ಟ ಹೆಸರು ಕಡ್ಡಿ, ಹತ್ತೊಂಬತ್ತರವಳು, ಉದ್ದಕ್ಕೆ ಸಣಕಲಾಗಿ ಕಂಡರೂ ಹೆಗಲಿನಲ್ಲಿ ಎತ್ತಿನ ಬಲ. ಬರುವ ಭಾನುವಾರ ಆಯ್ಕೆಯ ಪಂದ್ಯ. ಗೆದ್ದರೆ ರಾಷ್ಟ್ರದ ತಂಡ. ಸೋತರೆ ಶಿಬಿರದಿಂದ ಹೆಸರು ತೆಗೆದು ಮನೆಗೆ ಕಳಿಸುತ್ತಾರೆ, ಅಲ್ಲಿ ಅವಳಪ್ಪ ಬಿಸ್ಕತ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಆಗಲೇ ಮಾತಾಡಿಟ್ಟಿದ್ದಾರೆ. ಎದುರಾಳಿ ಎಡಗೈಯವಳು. ಆ ತೂಕದಲ್ಲಿ, ಆ ಎತ್ತರದಲ್ಲಿ, ಎಡಗೈಯಲ್ಲಿ ಕೊರಳಪಟ್ಟಿ ಹಿಡಿಯುವ ಇನ್ನೊಬ್ಬಳು ಇಡೀ ಕೇಂದ್ರದಲ್ಲಿ ಇವಳೇ. ಹಾಗಾಗಿ ಕಡ್ಡಿಗೆ ಮೂರು ತಿಂಗಳಿಂದ ದಿನವೂ ಸಿಕ್ಕಿದ್ದು ಇವಳ ಮೈ. ಒಬ್ಬಳೇ ಬೀಳುವುದಾದರೆ ಇವಳಷ್ಟು ಚೆಂದ ಬೀಳುವವರಿಲ್ಲ. ಜೂಡೊದ ಮೊದಲ ಪಾಠವೇ ಬೀಳುವುದು, ಗದ್ದ ಎದೆಗೊತ್ತಿ, ಬೆನ್ನು ಗುಂಡಗೆ ಮಾಡಿ, ಕೈಯಿಂದ ಮ್ಯಾಟ್ ಬಡಿದು. ಸಂಜೆಯ ಸಣ್ಣ ಮಕ್ಕಳ ಕ್ಲಾಸಿಗೆ ಅದನ್ನು ತೋರಿಸಿಕೊಡುವುದೂ ಇವಳೇ. ಆದರೆ ಇನ್ನೊಬ್ಬರ ಕೈ ಕೊರಳಪಟ್ಟಿಗೆ ಬಂದ ಕೂಡಲೇ ಸೊಂಟ ಇವಳ ಮಾತು ಕೇಳುವುದಿಲ್ಲ. ಕಡ್ಡಿ ತಿರುಗಿ ಒಳಗೆ ಬರುತ್ತಾಳೆ, ಅವಳ ಸೊಂಟ ಇವಳ ಹೊಟ್ಟೆಗೆ ತಾಕುತ್ತದೆ, ಅಷ್ಟರಲ್ಲಿ ಇವಳದು ಕೆಳಗಿಳಿದು ಕೂತಿರುತ್ತದೆ. ಎತ್ತಲಾಗದೆ ಕಡ್ಡಿ ಬಿಡುತ್ತಾಳೆ. ಮತ್ತೆ ಬರುತ್ತಾಳೆ, ಮತ್ತೆ ತಡೆ, ಮತ್ತೆ ಬಿಡುತ್ತಾಳೆ.

ಇದರಿಂದ ಆಗುವುದೇನೆಂದು ಮೂರು ವಾರದ ಹಿಂದೆ ತಿಳಿಯಿತು. ಸಣ್ಣದೊಂದು ಪಂದ್ಯಾವಳಿ. ಮ್ಯಾಟಿನ ಅಂಚಿನ ಕುರ್ಚಿಯಲ್ಲಿ ಮೊದಲ ಬಾರಿಗೆ ಕೋಚ್ ಆಗಿ ಕೂತಿದ್ದಳು, ಆಟ ನಿಂತಾಗಲಷ್ಟೇ ಮಾತಾಡಬಹುದು ಎಂಬ ನಿಯಮವಿರುವ ಕುರ್ಚಿ. ಎದುರಾಳಿ ಏನೂ ಅಲ್ಲ, ಒಂದು ಸಲ ಸರಿಯಾಗಿ ಎತ್ತಿದ್ದರೆ ಮುಗಿಯುತ್ತಿತ್ತು. ಕಡ್ಡಿ ಚೆನ್ನಾಗಿ ಒಳಗೆ ಹೋದಳು, ಸೊಂಟ ತಾಕಿತು, ನಿಂತುಬಿಟ್ಟಳು. ಎದುರಿನವಳು ತಡೆದಿರಲೇ ಇಲ್ಲ. ಎರಡನೆಯ ಸಲವೂ ಹಾಗೆಯೇ, ಅದೇ ಜಾಗದಲ್ಲಿ, ಅಳತೆ ಹಿಡಿದು ಗೆರೆ ಎಳೆದ ಹಾಗೆ. ಬೀಳಿಸುವ ಮನಸ್ಸಿಲ್ಲದೆ ನುಗ್ಗಿದ ಹಾಗೆ ನಟಿಸುವುದಕ್ಕೂ ಪೆನಾಲ್ಟಿ ಇದೆ. ಮೂರು ಸಲವೂ ಅದನ್ನೇ ಕೊಟ್ಟರು. ಕುರ್ಚಿಯಲ್ಲಿ ಕೂತವಳಿಗೆ ತನ್ನ ಸೊಂಟ ಅಲ್ಲಿ, ಇಬ್ಬರು ಹುಡುಗಿಯರ ನಡುವೆ, ಯಾರಿಗೂ ಕಾಣದಂತೆ ನಿಂತು ತಡೆಯುತ್ತಿರುವುದು ಕಂಡಿತು. ಪಂದ್ಯ ಮುಗಿಸಿ ಬಂದ ಕಡ್ಡಿ ತನ್ನದೇ ತಪ್ಪು ಎಂದು ಕ್ಷಮೆ ಕೇಳಿದಳು. ಇವಳು, ಪರವಾಗಿಲ್ಲ, ಇನ್ನೂ ಅಭ್ಯಾಸ ಮಾಡಬೇಕು ಎಂದಳು. ಆ ಮಾತು ನೆನಪಾದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ಬೆಳಗಿನ ಅಭ್ಯಾಸದಲ್ಲಿ ಅವಳು ನಲವತ್ತು ಸಲ ಪ್ರಯತ್ನಿಸಿದಳು. ಹತ್ತನೆಯದರಲ್ಲಿ ಉಸಿರು ಬಿಟ್ಟು ನೋಡಿದಳು, ಹದಿನೈದರಲ್ಲಿ ಕಣ್ಣು ಮುಚ್ಚಿದಳು. ಇಪ್ಪತ್ತರ ನಂತರ ಮಂಡಿಗಳಿಗೆ, ಸಡಿಲ, ಸಡಿಲ ಎಂದು ಒಳಗೊಳಗೇ ಜೋಗುಳ ಹಾಡಿದಳು. ಸೊಂಟ ಹಟಮಾರಿ ಸೊಸೆಯ ಹಾಗೆ ಎಲ್ಲ ಕೇಳಿಸಿಕೊಂಡು ತನ್ನದೇ ಮಾಡಿತು. ಮೂವತ್ತೆರಡನೆಯದರಲ್ಲಿ ಒಮ್ಮೆ ಬಿದ್ದಳು, ಆದರೆ ಅದು ಕಡ್ಡಿ ಒಳಗೆ ಬರುವುದಕ್ಕೂ ಮೊದಲೇ, ಮೆಟ್ಟಿಲು ತಪ್ಪಿದವಳಂತೆ ಕುಸಿದದ್ದು. ಪಕ್ಕದ ಹುಡುಗಿಯರು ಅಭ್ಯಾಸ ನಿಲ್ಲಿಸಿ ನೋಡಿದರು. ಕಡ್ಡಿ ಕೈ ಕೊಟ್ಟು ಎಬ್ಬಿಸಿದಳು, ಬೆವರು ಒರೆಸಿಕೊಳ್ಳುವ ನೆಪದಲ್ಲಿ ಮುಖ ಬೇರೆ ಕಡೆ ತಿರುಗಿಸಿದಳು.

ಇದೆಲ್ಲವನ್ನೂ ಮೇಷ್ಟ್ರು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಅವಳನ್ನು ಹದಿನಾಲ್ಕನೆಯ ವಯಸ್ಸಿನಿಂದ ಬೆಳೆಸಿದವರು, ಈಗ ಕೇಂದ್ರದ ಮುಖ್ಯಸ್ಥರು. ಅಭ್ಯಾಸ ಮುಗಿದ ಮೇಲೆ, ಹುಡುಗಿಯರು ಮ್ಯಾಟ್ ಒರೆಸುತ್ತಿದ್ದಾಗ ಕರೆದರು. ಬಾಳೆಹಣ್ಣು ಸುಲಿಯುತ್ತ, ಆ ಹುಡುಗಿಗೆ ಪಟ್ಟು ಗೊತ್ತಿಲ್ಲದೆ ಇಲ್ಲ, ನಿನ್ನ ಸೊಂಟದ ಭಯ ಹಿಡಿದಿದೆ ಎಂದರು. ಪಟ್ಟು ಪೂರ್ತಿಯಾದರೆ ಹೇಗಿರುತ್ತದೆ ಎಂಬುದೇ ಮೂರು ತಿಂಗಳಲ್ಲಿ ಅವಳ ಮೈಗೆ ಮರೆತುಹೋಗಿದೆ. ಇವತ್ತು ಗುರುವಾರ, ನಾಳೆ ನಾಡಿದ್ದು ಅವಳು ತೂಕ ಇಳಿಸುವುದರಲ್ಲಿರುತ್ತಾಳೆ, ಇನ್ನು ಉಳಿದಿರುವುದು ಇವತ್ತಿನ ಸಂಜೆ ಮಾತ್ರ. ಎರಡು ತುಂಡು ಹಣ್ಣು ತಿಂದು ಮುಗಿಸಿ, ಸಿಪ್ಪೆಯನ್ನು ಎಲ್ಲಿ ಹಾಕುವುದೆಂದು ಸುತ್ತ ನೋಡಿದರು.

"ನೀನು ಬೀಳಬೇಕಮ್ಮ. ಅವಳಿಗೋಸ್ಕರ ಒಂದು ಸಲ ಬೀಳು. ನಿನ್ನನ್ನೇ ಎತ್ತಿದೆ ಅಂತ ಗೊತ್ತಾದ್ರೆ ಭಾನುವಾರದವಳು ಯಾವ ಲೆಕ್ಕ ಅವಳಿಗೆ?"

ಪ್ರಯತ್ನಿಸುತ್ತಿದ್ದೇನೆ ಸಾರ್ ಎಂದಳು. ಹೇಳುವಾಗ ಹದಿನಾಲ್ಕು ವರ್ಷದವಳ ದನಿ ಬಂತು. ಮೇಷ್ಟ್ರು ಸಿಪ್ಪೆಯನ್ನು ಜೇಬಿನಲ್ಲಿಟ್ಟುಕೊಂಡು ಹೋದರು.

ಮಧ್ಯಾಹ್ನ ಅವಳು ಚಾಪೆಯನ್ನು ಹುಡುಕಿಕೊಂಡು ಹೋದಳು. ಚಾಪೆ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆಂದು ಕೇಳಿ ನಾಲ್ಕು ವರ್ಷವಾಗಿತ್ತು. ಆ ಬೀದಿಯಲ್ಲಿ ಹತ್ತಾರು ಸಲ ಓಡಾಡಿದ್ದಳು, ಒಳಗೆ ಹೋಗಿರಲಿಲ್ಲ. ಬಿಳಿ ಕೋಟು ತೊಟ್ಟ ಚಾಪೆ ಒಬ್ಬ ಮುದುಕರ ಕಿವಿಯ ಹಿಂದೆ ಫ್ರೇಮಿನ ಕೊಕ್ಕೆಯನ್ನು ಬೆರಳ ತುದಿಯಲ್ಲಿ ಸರಿಪಡಿಸುತ್ತಿದ್ದಳು, ನೋಯುತ್ತಿದೆಯೇ ತಾತ ಎಂದು ಕೇಳುತ್ತ. ಇವಳನ್ನು ಕಂಡು ಕೂಗಾಡಲಿಲ್ಲ, ಅಪ್ಪಿಕೊಳ್ಳಲಿಲ್ಲ. ಗಲ್ಲಾದಲ್ಲಿ ಮಾಲೀಕರಿದ್ದಾರೆ, ಸುಮ್ಮನೆ ಮಾತಾಡುತ್ತ ನಿಂತರೆ ಗೊಣಗುತ್ತಾರೆ, ಕಣ್ಣು ಪರೀಕ್ಷೆಗೆ ಕೂತ್ಕೋ ಎಂದು ಎತ್ತರದ ಕುರ್ಚಿ ತೋರಿಸಿದಳು. ಮೂಗಿನ ಮೇಲೆ ಗಾಜು ತೂರಿಸುವ ಕಬ್ಬಿಣದ ಭಾರದ ಕನ್ನಡಕ ಬಂದು ಕೂತಿತು. ಎದುರಿನ ಗೋಡೆಯ ಅಕ್ಷರಗಳು ಮಸುಕಾದವು. ಚಾಪೆ ಗಾಜಿನ ಪೆಟ್ಟಿಗೆಗೆ ಬಲಕ್ಕೆ ತಿರುಗಬೇಕಾದಾಗ ಕುತ್ತಿಗೆ ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಕುತ್ತಿಗೆಗೇನಾಯಿತು ಎಂದು ಕೇಳಿದಳು. ಏನಿಲ್ಲ, ಮೋಡವಾದರೆ ರೇಡಿಯೋಗಿಂತ ಮೊದಲು ನನ್ನ ಕುತ್ತಿಗೆಗೆ ಗೊತ್ತಾಗುತ್ತದೆ, ಅಷ್ಟು ಅನುಕೂಲ ಎಂದು ಚಾಪೆ ನಕ್ಕಳು. ಒಂಬತ್ತು ವರ್ಷದಲ್ಲಿ ಒಂದು ದಿನವಾದರೂ ನೋವಾಯಿತೇ ಎಂದು ತಾನು ಕೇಳಿದ್ದುಂಟೇ ಎಂದು ಅವಳು ಹುಡುಕಿದಳು. ಕೇಳಿದ್ದೇನೋ ಉಂಟು, ಅಭ್ಯಾಸ ಮುಂದುವರಿಸಬಹುದೇ ಎಂಬ ಅರ್ಥದಲ್ಲಿ.

"ನೀನು ಹೇಗೆ ಬೀಳ್ತಿದ್ದೆ ನನಗೆ?" ಎಂದಳು.

"ಹೇಗೆ ಅಂದ್ರೆ? ದಬ್ ಅಂತ."

"ತಮಾಷೆ ಬೇಡ ಕಣೇ. ನನಗೆ ಬೀಳೋಕೆ ಆಗ್ತಿಲ್ಲ."

ಚಾಪೆ ಗಾಜು ಬದಲಿಸಿದಳು. ಇದು ಸ್ಪಷ್ಟವೋ, ಇದೋ ಎಂದು ಮಾಲೀಕರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ, ನಾನು ಬೀಳುವುದರ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ, ಮಧ್ಯಾಹ್ನ ಊಟಕ್ಕೇನಿರಬಹುದು ಎಂದು ಯೋಚಿಸುತ್ತಿದ್ದೆ ಎಂದಳು. ಅದು ನಿಜವಿರಬೇಕು ಎನಿಸಿತು. ಆಗಿನ ಅವಳ ಮುಖದಲ್ಲಿ ಯಾವಾಗಲೂ ಇರುತ್ತಿದ್ದ ಆ ಸುಮ್ಮನಿರುವಿಕೆ, ಅದನ್ನು ತಾನು ದಡ್ಡತನವೆಂದುಕೊಂಡಿದ್ದಳು. ಒಂದೊಂದು ದಿನ ನೀನು ಸುಸ್ತಾಗಿರುತ್ತಿದ್ದೆ, ಪಟ್ಟು ಅರ್ಧಕ್ಕೇ ನಿಲ್ಲುತ್ತಿತ್ತು, ಆಗ ಮಿಕ್ಕರ್ಧ ನಾನೇ ಹೋಗಿಬಿಡುತ್ತಿದ್ದೆ ಎಂದೂ ಚಾಪೆ ಸೇರಿಸಿದಳು, ಇದರಲ್ಲೇನಿದೆ ಎನ್ನುವ ಹಾಗೆ.

ಕಬ್ಬಿಣದ ಕನ್ನಡಕದೊಳಗೆ ಅವಳಿಗೆ ಬೆವರು ಬಂತು. "ನಾನು ಕೇಳ್ತಿದ್ದೆ ನಿನ್ನ. ಬೇಕಂತ ಬಿದ್ಯಾ ಅಂತ."

"ದಿನಾ ಕೇಳ್ತಿದ್ದೆ. ಇಲ್ಲ, ನೀನೇ ಬೀಳಿಸಿದ್ದು ಅಂತಿದ್ದೆ ನಾನು."

"ಸುಳ್ಳು ಹೇಳ್ತಿದ್ಯಾ?"

"ಎಲ್ಲ ದಿನ ಅಲ್ಲ. ಯಾವ ದಿನ ಅಂತ ಈಗ ನೆನಪಿಲ್ಲ ಬಿಡು," ಎಂದು ಚಾಪೆ ಅವಳ ಮೂಗಿನಿಂದ ಕನ್ನಡಕ ತೆಗೆದಳು. ಕಣ್ಣು ಚೆನ್ನಾಗಿದೆ, ಏನೂ ಬೇಕಾಗಿಲ್ಲ ಎಂದು ಗಟ್ಟಿಯಾಗಿ ಹೇಳಿ, ಹೊರಬಾಗಿಲ ತನಕ ಬಂದು, ಮಂಡಿಗೆ ಬಿಸಿನೀರು ಹಾಕುತ್ತೀಯೋ ಇಲ್ಲವೋ ಎಂದು ವಿಚಾರಿಸಿದಳು.

ಬೀದಿಯಲ್ಲಿ ಬಿಸಿಲಿತ್ತು. ಅವಳು ಎಲ್ಲಿಗೂ ಹೋಗದೆ ಎರಡು ಸುತ್ತು ನಡೆದಳು. ಒಂಬತ್ತು ವರ್ಷ, ದಿನಕ್ಕೆ ನೂರು. ಅದರಲ್ಲಿ ತನ್ನವೆಷ್ಟು, ಚಾಪೆ ಕೊಟ್ಟವೆಷ್ಟು? ಮೊದಲ ಒಲಿಂಪಿಕ್ಸಿಗೆ ಹೋಗುವ ಹಿಂದಿನ ದಿನ, ಕೈಯಲ್ಲಿ ಕಸುವೇ ಇಲ್ಲವೆನಿಸಿದಾಗ ಚಾಪೆ ಗಾಳಿಯಲ್ಲಿ ಹಾರಿ ಬಿದ್ದಿದ್ದಳು, ಸದ್ದಿಗೆ ಹಾಲ್ ಅದುರಿತ್ತು, ನಾನು ಸಿದ್ಧಳಾಗಿದ್ದೇನೆ ಎಂದುಕೊಂಡು ವಿಮಾನ ಹತ್ತಿದ್ದಳು. ಅದೂ ಕೊಟ್ಟದ್ದೇ ಇರಬಹುದೇ? ಕೃತಜ್ಞತೆ ಬರಬೇಕಾದ ಜಾಗದಲ್ಲಿ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆ ಬಂತು, ನಾಚಿಕೆಯ ಹಿಂದೆಯೇ ಹಸಿವಾಯಿತು. ಬೇಕರಿಯಲ್ಲಿ ನಿಂತು ಬನ್ನು ತಿಂದಳು. ಬೀಳಿಸಿದ್ದು ಯಾವುದೂ ಖಚಿತವಿಲ್ಲ. ಬೀಳದೆ ನಿಂತದ್ದು ಖಚಿತ, ಅದನ್ನು ಯಾರೂ ದಾನ ಕೊಟ್ಟದ್ದಲ್ಲ, ಅದಕ್ಕೆ ಇಡೀ ಲೋಕ ಸಾಕ್ಷಿ. ಬನ್ನಿನ ಪುಡಿ ಅಂಗಿಯ ಮೇಲೆಲ್ಲ ಬಿದ್ದಿತ್ತು. ಅದನ್ನು ಒಂದೊಂದಾಗಿ ಕೊಡವಿಕೊಂಡು ಕೇಂದ್ರಕ್ಕೆ ಹಿಂದಿರುಗಿದಳು.

ಸಂಜೆ ಐದಕ್ಕೆ ಹಾಲ್‌ನಲ್ಲಿ ಎಲ್ಲರೂ ಇದ್ದರು. ಹನ್ನೆರಡು ಹುಡುಗಿಯರು, ಬಾಗಿಲಲ್ಲಿ ಮೇಷ್ಟ್ರು, ಕಿಟಕಿಯ ಹೊರಗೆ ತಮ್ಮ ಕ್ಲಾಸಿಗೆ ಕಾಯುತ್ತಿದ್ದ ಸಣ್ಣ ಮಕ್ಕಳ ಮೂಗುಗಳು. ಕಡ್ಡಿಯ ತುಟಿ ಒಣಗಿತ್ತು, ತೂಕಕ್ಕಾಗಿ ಮಧ್ಯಾಹ್ನ ಊಟ ಬಿಟ್ಟಿದ್ದಳು. ಇಬ್ಬರೂ ತಲೆಬಾಗಿ, ಒಬ್ಬರನ್ನೊಬ್ಬರು ಹಿಡಿದರು. ಅವಳ ಎಡಗೈ ಕಡ್ಡಿಯ ಕೊರಳಪಟ್ಟಿಗೆ ಹೋಯಿತು, ಕಡ್ಡಿಯ ಬಲಗೈ ಇವಳದಕ್ಕೆ ಬಂತು. ಮೊದಲ ಸಲ ತಡೆ. ಎರಡನೆಯ ಸಲ ತಡೆ. ಊಟದ ಬಗ್ಗೆ ಯೋಚಿಸಬೇಕು ಎಂದುಕೊಂಡಳು. ಬನ್ನು ಬಿಟ್ಟು ಬೇರೆ ಏನೂ ಹೊಳೆಯಲಿಲ್ಲ. ಮೂರನೆಯ ಸಲ, ನಾಲ್ಕನೆಯ ಸಲ, ಹಾಗೆ ನಡೆಯುತ್ತಿರುವಾಗ ಕಡ್ಡಿಯ ಮುಖದಲ್ಲಿ ಏನೋ ಬದಲಾಯಿತು. ಭಕ್ತಿಯಿಂದ, ಅಂಜಿಕೆಯಿಂದ ನೋಡುತ್ತಿದ್ದ ಹುಡುಗಿ ಈಗ ಬಾಗಿಲಿಗೆ ಅಡ್ಡ ನಿಂತ ಬೀರುವನ್ನು ನೋಡುವಂತೆ, ಇದನ್ನು ಯಾವ ಕಡೆಯಿಂದ ಸರಿಸುವುದು ಎಂದು ನೋಡುತ್ತಿದ್ದಳು. ಹಸಿವು ಹಾಗೆ ಮಾಡಿತೋ, ಭಾನುವಾರವೋ, ಬಿಸ್ಕತ್ ಕಾರ್ಖಾನೆಯೋ. ತೋಳನ್ನು ಒಮ್ಮೆ ಕೆಳಗೆಳೆದು, ಇವಳು ಅದಕ್ಕೆ ಎದುರಾಗಿ ಮೇಲೆಳೆದ ಕ್ಷಣದಲ್ಲೇ ಒಳಗೆ ಬಂದಳು.

ಇವಳ ಸೊಂಟ ಕೆಳಗಿಳಿಯಿತು. ಪೂರ್ತಿಯಾಗಿ ಇಳಿಯಿತು, ಒಲಿಂಪಿಕ್ಸಿನಲ್ಲಿ ಇಳಿದಷ್ಟೇ. ಹೊಟ್ಟೆ ಬಿಗಿಯಿತು, ಕಾಲು ಹಿಂದೆ ಸರಿದು ಊರಿತು. ಮೈ ತನ್ನಲ್ಲಿದ್ದ ಅಷ್ಟೂ ವಿದ್ಯೆಯನ್ನು ಹೂಡಿ ತಡೆಯಿತು. ಬೀಳಬೇಕೆಂಬ ನಿಶ್ಚಯ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ, ಅವಳೊಳಗೆ ಇದ್ದದ್ದು ಬೀಳಬಾರದೆಂಬುದೊಂದೇ. ಆದರೂ ಪಾದದ ಕೆಳಗೆ ಮ್ಯಾಟ್ ಇರಲಿಲ್ಲ. ಟ್ಯೂಬ್‌ಲೈಟು ಒಂದು ಸಲ ಅಡ್ಡಡ್ಡ ಹಾದುಹೋಯಿತು. ಕಿಟಕಿಯ ಮೂಗುಗಳು ತಲೆಕೆಳಗಾದವು. ತಾನು ಬಹಳ ಹಗುರವಾಗಿದ್ದೇನೆ ಎಂದು ಅವಳಿಗೆ ಆಶ್ಚರ್ಯವಾಯಿತು, ಆ ಆಶ್ಚರ್ಯದಲ್ಲಿ ಒಂದು ಸುಖವೂ ಇತ್ತು. ಆಮೇಲೆ ಬೆನ್ನು ನೆಲಕ್ಕೆ ಬಡಿಯಿತು, ಕೈ ತಾನಾಗಿ ಮ್ಯಾಟ್ ಬಡಿಯಿತು, ಸದ್ದು ಗೋಡೆಗೆ ಹೋಗಿ ವಾಪಸು ಬಂತು.

ಎಲ್ಲ ಜೋಡಿಗಳೂ ನಿಂತಿದ್ದವು. ಕಡ್ಡಿ, ಎಸೆದವರು ಮಾಡಬೇಕಾದಂತೆ, ಇವಳ ತೋಳನ್ನು ಬಿಡದೆ ಮೇಲಕ್ಕೆ ಹಿಡಿದು ಬಗ್ಗಿ ನಿಂತಿದ್ದಳು. ಅವಳ ಬಾಯಿ ತೆರೆದಿತ್ತು. ಒಣಗಿದ ತುಟಿ ಒಂದು ಕಡೆ ಸೀಳಿ ಸಣ್ಣ ರಕ್ತದ ಚುಕ್ಕೆ ಮೂಡಿತ್ತು. ನಗುವೊಂದು ಬರಲೋ ಬೇಡವೋ ಎಂದು ಆ ಮುಖದ ಅಂಚಿನಲ್ಲಿ ಕಾಯುತ್ತಿರುವುದು ಕೆಳಗೆ ಮಲಗಿದವಳಿಗೆ ಸ್ಪಷ್ಟವಾಗಿ ಕಂಡಿತು. ಇಷ್ಟು ಹತ್ತಿರದಿಂದ ಯಾರ ಆಸೆಯನ್ನೂ ಅವಳು ನೋಡಿರಲಿಲ್ಲ.

"ಮೇಡಂ," ಎಂದಳು ಕಡ್ಡಿ. "ನಿಜ ಹೇಳಿ. ಬೇಕಂತಾನೇ ಬಿದ್ರಾ?"

ಮೇಷ್ಟ್ರು ಕೇಳುತ್ತಿದ್ದರು. ಹನ್ನೊಂದು ಹುಡುಗಿಯರು ಕೇಳುತ್ತಿದ್ದರು. ಇಲ್ಲ ಎನ್ನಬೇಕು. ಇಲ್ಲ ಕಣೇ, ನೀನೇ ಬೀಳಿಸಿದ್ದು, ನಾನು ತಡೆದೆ, ನನ್ನಲ್ಲಿದ್ದದ್ದನ್ನೆಲ್ಲ ಹಾಕಿ ತಡೆದೆ, ಆದರೂ ನೀನು ಎತ್ತಿದೆ. ವಾಕ್ಯ ಇಡಿಯಾಗಿ ಸಿದ್ಧವಾಗಿತ್ತು. ಅದನ್ನು ಹೇಳಿದರೆ ಭಾನುವಾರ ಗೆದ್ದಂತೆಯೇ ಎಂದೂ ಗೊತ್ತಿತ್ತು. ಅವಳು ಬಾಯಿ ತೆರೆದಳು.

"ಹೂಂ," ಎಂದಳು. "ಬೇಕಂತಲೇ."

ಕಡ್ಡಿ ತಲೆಯಾಡಿಸಿದಳು. ಮುಖದ ಅಂಚಿನಲ್ಲಿ ಕಾಯುತ್ತಿದ್ದದ್ದು ಗಲಾಟೆಯೇನೂ ಮಾಡದೆ ಹಿಂದಿರುಗಿ ಹೋಯಿತು, ಬಾಗಿಲಿಗೆ ಬಂದವರು ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಹೋಗುವ ಹಾಗೆ. ನನಗೆ ಗೊತ್ತಾಯಿತು ಮೇಡಂ ಎಂದಳು, ಬೆಳಿಗ್ಗೆ ಮ್ಯಾಟ್ ಒರೆಸುತ್ತಿದ್ದಾಗ ಮೇಷ್ಟ್ರು ನಿಮಗೆ ಹೇಳಿದ್ದು ಕೇಳಿಸಿತ್ತು ಎಂದಳು, ಥ್ಯಾಂಕ್ಸ್ ಎಂದಳು. ಯಾವುದರಲ್ಲೂ ಕೊಂಕಿರಲಿಲ್ಲ. ಸುತ್ತಲಿನ ಜೋಡಿಗಳು ಮತ್ತೆ ಅಭ್ಯಾಸಕ್ಕೆ ತೊಡಗಿದವು, ಮೈಗಳು ನೆಲಕ್ಕೆ ಬೀಳುವ ಸದ್ದು ಅಲ್ಲಲ್ಲಿ ಶುರುವಾಯಿತು. ಮೇಷ್ಟ್ರು ಅವಳತ್ತ ನೋಡಿ, ಭೇಷ್ ಎನ್ನುವಂತೆ ಗದ್ದ ಎತ್ತಿದರು. ಅವರಿಗೂ ಹಾಗೆಯೇ ಕಂಡಿತ್ತು.

ಅವಳು ದಡಬಡಿಸಿ ಎದ್ದಳು. "ಇನ್ನೊಂದು ಸಲ ಬಾ," ಎಂದಳು. ದನಿ ಬೇಕಾದದ್ದಕ್ಕಿಂತ ಗಟ್ಟಿಯಾಗಿತ್ತು. ಕಡ್ಡಿ ಬಂದು ಕೊರಳಪಟ್ಟಿ ಹಿಡಿದಳು, ತಿರುಗಿ ಒಳಗೆ ಬಂದಳು, ಸೊಂಟ ಬಂದು ಇವಳ ಹೊಟ್ಟೆಗೆ ತಾಕಿತು. ಈ ಸಲ ಇವಳಲ್ಲಿ ಏನೂ ಬಿಗಿಯಲಿಲ್ಲ. ಮಂಡಿ, ಹೊಟ್ಟೆ, ಹೆಗಲು ಎಲ್ಲ ಸಡಿಲವಾಗಿದ್ದವು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ನೆನೆಸಿಟ್ಟ ಬಟ್ಟೆಯಷ್ಟು ಸಡಿಲ. ಎತ್ತುವುದಕ್ಕೆ ಒಂದು ಉಸಿರು ಸಾಕಿತ್ತು. ಕಡ್ಡಿ ಅಲ್ಲೇ ನಿಂತುಬಿಟ್ಟಳು, ಅದೇ ಜಾಗದಲ್ಲಿ.

"ಎತ್ತು," ಎಂದಳು ಅವಳು ಹುಡುಗಿಯ ಕಿವಿಗೆ. "ನಾನು ತಡೀತಿಲ್ಲ, ಎತ್ತೇ."

"ಸಾಕು ಮೇಡಂ," ಎಂದಳು ಕಡ್ಡಿ, ತಿರುಗಿ ನೋಡದೆ, ತುಂಬ ಮೆತ್ತಗೆ. "ಪಾಪ, ನಿಮಗೆ ಮಂಡಿ ನೋವಿದೆ. ನನಗೋಸ್ಕರ ಎಷ್ಟು ಸಲ ಅಂತ ಬೀಳ್ತೀರಿ."

ಮೈ ಕಳಚಿಕೊಂಡು ಎದುರಾಗಿ ನಿಂತಳು. ಇವಳು ಬಿಡಲಿಲ್ಲ. ಹುಡುಗಿಯ ಅಂಗಿಯ ತೋಳು ಇವಳ ಮುಷ್ಟಿಯಲ್ಲಿ ಹಾಗೇ ಇತ್ತು, ಹೇಳಬೇಕಾದದ್ದು ಬಾಯಿಯಲ್ಲಿ ಹಾಗೇ ಇತ್ತು. ಕಡ್ಡಿ ಸ್ವಲ್ಪ ಹೊತ್ತು ಮರ್ಯಾದೆಯಿಂದ ಕಾದಳು. ಆಮೇಲೆ ಇವಳ ಬೆರಳುಗಳನ್ನು ಒಂದೊಂದಾಗಿ ತನ್ನ ತೋಳಿನಿಂದ ಬಿಡಿಸಿ, ಒಂದು ಹೆಜ್ಜೆ ಹಿಂದೆ ಸರಿದು, ನಿಯಮದಂತೆ ತಲೆಬಾಗಿ, ಹೋಗಿ ಗೋಡೆಯ ಬಳಿ ಸರದಿ ಕಾಯುವವರ ಸಾಲಿನಲ್ಲಿ ನಿಂತಳು.